ನೀಲಗಿರಿ ಬೆಟ್ಟದ ತುಕ್ಕು ನಮ್ಮ ಗೋಧಿ ಹೊಲಕ್ಕೆ ಬರುವ ದಾರಿ

ತುಕ್ಕು ರೋಗ ಬಿದ್ದ ಗೋಧಿ ಹೊಲದಲ್ಲಿ ಒಂದು ಸುತ್ತು ಹಾಕಿ ಬನ್ನಿ. ಬಿಳಿ ಧೋತರದ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಕಾಂಡದ ಮೇಲೆ ಹೆಬ್ಬೆರಳು ಎಳೆದರೆ ಕೆಂಗಂದು ಪುಡಿ ಅಂಟುತ್ತದೆ, ಹಳೇ ಕಬ್ಬಿಣ ಮುಟ್ಟಿದ ಹಾಗೇ. ಇನ್ನೂ ಹತ್ತಿರದಿಂದ ನೋಡಿದರೆ ಕಾಂಡದ ಸಿಪ್ಪೆ ಅಲ್ಲಲ್ಲಿ ಉದ್ದಕ್ಕೆ ಒಡೆದಿರುವುದು ಕಾಣುತ್ತದೆ. ಸೀಳಿನ ಅಂಚು ಹರಿದ ಕಾಗದದ ಹಾಗೆ ಎದ್ದಿರುತ್ತದೆ. ಪುಡಿ ಬರುವುದು ಆ ಸೀಳಿನೊಳಗಿಂದ.

ಆ ಪುಡಿಯ ಒಂದೊಂದು ಕಣವೂ ಒಂದು ಬೀಜಾಣು. ಶಿಲೀಂಧ್ರದ ಬೀಜ ಅಂತ ಇಟ್ಟುಕೊಳ್ಳಿ. ಒಂದು ಮಿಲಿಮೀಟರ್ ಉದ್ದದಲ್ಲಿ ಇಂಥವು ಸುಮಾರು 40 ಸಾಲಾಗಿ ಕೂರುತ್ತವೆ. ಸಿಪ್ಪೆ ಒಡೆದ ಇಂಥ ಒಂದೇ ಒಂದು ಗುಳ್ಳೆ ಒಣಗುವುದರೊಳಗೆ ಲಕ್ಷದಷ್ಟು ಬೀಜಾಣು ಉದುರಿಸಬಲ್ಲದು. ಒಂದು ಗಿಡದಲ್ಲಿ ಎಷ್ಟೋ ಗುಳ್ಳೆ, ಒಂದು ಎಕರೆಯಲ್ಲಿ ಎಷ್ಟೋ ಲಕ್ಷ ಗಿಡ. ಮಧ್ಯಾಹ್ನದ ಬಿಸಿಲಿಗೆ ಎಲೆ ಒಣಗಿ ಗಾಳಿ ಎದ್ದಾಗ ಇದೆಲ್ಲ ಮೇಲೆ ಹೋಗುತ್ತದೆ.

ಮೇಲೆ ಹೋದದ್ದು ಎಲ್ಲಿ ಇಳಿಯುತ್ತದೆ? ಯಾವತ್ತು? ಇಳಿದ ಕಡೆ ರೋಗ ಹಿಡಿಯುತ್ತದೆಯೋ ಇಲ್ಲವೋ? ರೈತನಿಗೆ ಇದನ್ನು ಒಂದು ವಾರ ಮೊದಲೇ ಹೇಳಬಹುದೇ? ಗಾಳಿಯಲ್ಲಿ ಹರಡುವ ಬೆಳೆ ರೋಗದ ಮುನ್ಸೂಚನೆ ಅಂದರೆ ಇಷ್ಟೇ ಪ್ರಶ್ನೆಗಳು. ಉತ್ತರ ಹುಡುಕಲು ಮಾತ್ರ ನೂರು ವರ್ಷದ ಹತ್ತಿರ ಹಿಡಿದಿದೆ.

ಒಂದು ಚಿಕ್ಕ ಲೆಕ್ಕದಿಂದ ಶುರು ಮಾಡೋಣ. ಈ ಬೀಜಾಣು ಎಷ್ಟು ಹಗುರ ಅಂದರೆ, ಗಾಳಿಯೇ ಇಲ್ಲದ ಕೋಣೆಯಲ್ಲಿ ಬಿಟ್ಟರೂ ಸೆಕೆಂಡಿಗೆ ಹೆಚ್ಚುಕಮ್ಮಿ 1 ಸೆಂಟಿಮೀಟರ್ ಮಾತ್ರ ಕೆಳಗಿಳಿಯುತ್ತದೆ. ಬಿಸಿಗಾಳಿ ಅದನ್ನು 1 ಕಿಲೋಮೀಟರ್ ಎತ್ತರಕ್ಕೆ ಒಯ್ದಿತು ಅನ್ನಿ. ಅಲ್ಲಿಂದ ನೆಲ ಮುಟ್ಟಲು 1 ಲಕ್ಷ ಸೆಕೆಂಡ್ ಬೇಕು, ಅಂದರೆ ಸುಮಾರು 28 ಗಂಟೆ. ಅಷ್ಟು ಹೊತ್ತು ಗಾಳಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಒಂದೇ ದಿಕ್ಕಿಗೆ ಬೀಸಿದರೆ, ಬೀಜಾಣು ಸಾವಿರ ಕಿಲೋಮೀಟರ್ ದಾಟಿರುತ್ತದೆ. ಊಟಿಯಿಂದ ಧಾರವಾಡಕ್ಕೆ ನೇರವಾಗಿ ಅಳೆದರೆ 500 ಕಿಲೋಮೀಟರ್ ಆಸುಪಾಸು. ಅರ್ಧ ದಾರಿಯೂ ಆಗಲಿಲ್ಲ, ಅಲ್ವಾ?

ಆದರೆ ಈ ಲೆಕ್ಕ ನೋಡಿ ಗಾಬರಿಯಾಗುವುದೂ ಬೇಡ. ಎದ್ದ ಬೀಜಾಣುಗಳಲ್ಲಿ ಬಹುಪಾಲು ಅದೇ ಹೊಲದಲ್ಲಿ, ಇಲ್ಲ ಪಕ್ಕದ ಹೊಲದಲ್ಲೇ ಬೀಳುತ್ತವೆ. ಮೇಲೆ ಹೋದವುಗಳಲ್ಲಿ ಎಷ್ಟೋ ಬಿಸಿಲಿನ ನೇರಳಾತೀತ ಕಿರಣಕ್ಕೆ ಸಾಯುತ್ತವೆ. ಉಳಿದವು ಆಕಾಶದ ತುಂಬ ಚದುರಿ ತೆಳುವಾಗುತ್ತವೆ. ಕೆರೆಗೆ ಒಂದು ಹಿಡಿ ಅರಿಶಿನ ಹಾಕಿದ ಹಾಗೆ: ದೂರ ಹೋದಷ್ಟೂ ಬಣ್ಣ ಕಾಣುವುದಿಲ್ಲ. ಹಾಗಾಗಿ ಯಾವುದೋ ಒಂದು ಬೀಜಾಣು ಬಂದೀತೇ ಅನ್ನುವುದು ಕೆಲಸಕ್ಕೆ ಬಾರದ ಪ್ರಶ್ನೆ. ರೋಗ ಹಿಡಿಸುವಷ್ಟು ಬರುತ್ತವೆಯೇ ಅನ್ನುವುದೇ ನೋಡಬೇಕಾದದ್ದು.

ಇದರಲ್ಲಿ ನೀಲಗಿರಿ ಯಾಕೆ ಬಂತು? ಆ ಕಥೆ ಶಿಮ್ಲಾದಿಂದ ಶುರುವಾಗುತ್ತದೆ.

ಗೋಧಿಗೆ ಮೂರು ಬಗೆಯ ತುಕ್ಕು ಬರುತ್ತದೆ. ಕಾಂಡಕ್ಕೆ ಬರುವ ಕಪ್ಪು ತುಕ್ಕು, ಎಲೆಗೆ ಬರುವ ಕಂದು ತುಕ್ಕು, ಪಟ್ಟೆಪಟ್ಟೆಯಾಗಿ ಬರುವ ಹಳದಿ ತುಕ್ಕು. ಮೂರಕ್ಕೂ ಒಂದು ಮಿತಿ ಇದೆ. ಬದುಕಿರುವ ಹಸಿರು ಗಿಡದ ಮೇಲೆ ಮಾತ್ರ ಬೆಳೆಯುತ್ತವೆ. ಸುಗ್ಗಿ ಮುಗಿದ ಮೇಲೆ ನಮ್ಮ ಬಯಲಿನಲ್ಲಿ ಹಸಿರು ಗೋಧಿ ಎಲ್ಲಿದೆ? ಏಪ್ರಿಲ್, ಮೇ ತಿಂಗಳ ಸುಡುಬಿಸಿಲಿಗೆ ಉದುರಿದ ಬೀಜಾಣುಗಳೂ ಸತ್ತುಹೋಗುತ್ತವೆ. ಹಾಗಿದ್ದರೂ ಮುಂದಿನ ಚಳಿಗಾಲಕ್ಕೆ ತುಕ್ಕು ತಪ್ಪದೆ ಹಾಜರಿರುತ್ತಿತ್ತು. ಎಲ್ಲಿಂದ?

ಈ ಪ್ರಶ್ನೆಯ ಹಿಂದೆ ಬಿದ್ದವರು ಆಗ್ರಾದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕರಮ್ ಚಂದ್ ಮೆಹ್ತಾ. ಯುರೋಪ್, ಅಮೆರಿಕಗಳಲ್ಲಿ ಕಪ್ಪು ತುಕ್ಕು ಬಾರ್ಬೆರಿ ಅನ್ನುವ ಪೊದೆಯ ಮೇಲೆ ಇನ್ನೊಂದು ಜನ್ಮ ಎತ್ತಿ ಗೋಧಿಗೆ ಮರಳುತ್ತದೆ. ನಮ್ಮಲ್ಲೂ ಹಾಗೇ ಇರಬೇಕು ಅಂತ ಎಲ್ಲರ ಊಹೆ. ಮೆಹ್ತಾ ವರ್ಷಗಟ್ಟಲೆ ಬೆಟ್ಟ ಬಯಲು ಸುತ್ತಿ, ಶಿಮ್ಲಾದಲ್ಲಿ ಪ್ರಯೋಗ ಮಾಡಿ, ನಮ್ಮ ದೇಶದಲ್ಲಿ ಆ ಪೊದೆಯ ಪಾತ್ರ ಇಲ್ಲ ಅಂತ ತೋರಿಸಿದರು. ಬೇಸಿಗೆಯಲ್ಲೂ ತಂಪಾಗಿರುವ ಬೆಟ್ಟಗಳ ಮೇಲೆ, ಅಲ್ಲಿನ ಬೇಸಿಗೆ ಗೋಧಿಯಲ್ಲೂ ತಾನೇ ಮೊಳೆತ ಗಿಡಗಳಲ್ಲೂ ತುಕ್ಕು ಬದುಕಿರುತ್ತದೆ. ಅಲ್ಲಿಂದ ಗಾಳಿ ಹಿಡಿದು ಬಯಲಿಗೆ ಇಳಿಯುತ್ತದೆ. ಅವರ ದೊಡ್ಡ ವರದಿ 1940ರಲ್ಲಿ ಹೊರಬಂತು. ಆಮೇಲಿನ ಸಂಶೋಧನೆಗಳು ಚಿತ್ರವನ್ನು ಸ್ಪಷ್ಟ ಮಾಡಿದವು: ಹಳದಿ ತುಕ್ಕಿನ ಮನೆ ಹಿಮಾಲಯ, ಕಪ್ಪು ತುಕ್ಕಿನ ಮನೆ ಮುಖ್ಯವಾಗಿ ದಕ್ಷಿಣದ ನೀಲಗಿರಿ ಮತ್ತು ಪಳನಿ ಬೆಟ್ಟಗಳು, ಕಂದು ತುಕ್ಕು ಎರಡೂ ಕಡೆಯಿಂದ ಬರುತ್ತದೆ.

ಭೂಪಟ ತೆಗೆದು ನೋಡಿ. ನೀಲಗಿರಿಯಿಂದ ಮಧ್ಯಪ್ರದೇಶದ ಗೋಧಿ ಸೀಮೆಗೆ ಗೆರೆ ಎಳೆದರೆ ಅದು ನಮ್ಮ ನಾಡಿನ ಮೇಲೇ ಹಾದುಹೋಗುತ್ತದೆ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಿಂಗಾರಿ ಗೋಧಿ ಅದೇ ದಾರಿಯಲ್ಲಿದೆ.

ಇಲ್ಲೊಂದು ತೊಡಕಿತ್ತು. ಗೋಧಿ ಬಿತ್ತಿ ಮೊಳಕೆ ಬರುವ ನವೆಂಬರ್ ತಿಂಗಳಲ್ಲಿ ನಮ್ಮ ಗಾಳಿ ಈಶಾನ್ಯದಿಂದ ಬೀಸುತ್ತದೆ. ಅಂದರೆ ನೀಲಗಿರಿಯ ಬೀಜಾಣು ಅರಬ್ಬಿ ಸಮುದ್ರದ ಕಡೆ ಹೋಗಬೇಕು. ಉತ್ತರಕ್ಕೆ ಹೇಗೆ ಬಂತು?

ಉತ್ತರ ಸಿಕ್ಕಿದ್ದು 1970ರ ದಶಕದಲ್ಲಿ, ಉಪಗ್ರಹದ ಮೋಡದ ಚಿತ್ರಗಳು ಕೈಗೆ ಬಂದ ಮೇಲೆ. ಗೋಧಿ ರೋಗಗಳ ವಿಜ್ಞಾನಿ ಎಸ್. ನಾಗರಾಜನ್ ಮತ್ತು ಅವರ ಜೊತೆಗಾರರು ತುಕ್ಕು ಜೋರಾಗಿದ್ದ ವರ್ಷಗಳನ್ನೂ ಆ ವರ್ಷಗಳ ಹವಾಮಾನವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಸುಳಿವು ಇದ್ದದ್ದು ವಾಯುಭಾರ ಕುಸಿತದಲ್ಲಿ. ನಮ್ಮ ಭೂಗೋಳಾರ್ಧದಲ್ಲಿ ಕುಸಿತದ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಕರಾವಳಿಯ ಆಚೆ ಅರಬ್ಬಿ ಸಮುದ್ರದಲ್ಲಿ ಒಂದು ಕುಸಿತ ನಿಂತಿದೆ ಅಂದುಕೊಳ್ಳಿ. ಅದರ ಪೂರ್ವದ ಮಗ್ಗುಲಿಗೆ, ಅಂದರೆ ಸರಿಯಾಗಿ ನಮ್ಮ ಮೇಲೆ, ಗಾಳಿ ದಕ್ಷಿಣದಿಂದ ಉತ್ತರಕ್ಕೆ ಬೀಸುತ್ತದೆ. ಮಾಮೂಲಿ ಗಾಳಿ ಎರಡು ಮೂರು ದಿನ ತಿರುಗಿ ನಿಲ್ಲುತ್ತದೆ. ಆ ಕುಸಿತ ಮುಂದೆ ಸಾಗಿ ಮಧ್ಯ ಭಾರತದ ಮೇಲೆ ಕರಗಿದರೆ ಅಲ್ಲಿ ಮಳೆ. ಮಳೆ ಹನಿ ಆಕಾಶವನ್ನು ತೊಳೆದು ಬೀಜಾಣುಗಳನ್ನು ಗೋಧಿ ಎಲೆ ಮೇಲೆ ತಂದು ಹಾಕುತ್ತದೆ. ಅದೇ ಮಳೆ ಎಲೆಯನ್ನು ಒದ್ದೆಯೂ ಮಾಡುತ್ತದೆ. ಸಾಗಿಸುವವನು, ಇಳಿಸುವವನು, ನೀರು ಹಾಕುವವನು ಎಲ್ಲ ಒಬ್ಬನೇ.

ಬಂಗಾಳ ಕೊಲ್ಲಿ ಇಲ್ಲವೇ ಅರಬ್ಬಿ ಸಮುದ್ರದಲ್ಲಿ ಇಂತಿಷ್ಟು ಅಕ್ಷಾಂಶ ರೇಖಾಂಶಗಳ ನಡುವೆ ಕುಸಿತ ಎದ್ದಿರಬೇಕು, ಭೂಮಿಯ ಮೇಲಿನ ಒತ್ತಡದ ಹಂಚಿಕೆಯೂ ಇಂತಿಂಥ ರೀತಿ ಇರಬೇಕು ಅಂತ ಅವರು ಷರತ್ತುಗಳನ್ನು ಬರೆದಿಟ್ಟರು. ಅವನ್ನು ಭಾರತದ ಕಾಂಡ ತುಕ್ಕಿನ ನಿಯಮಗಳು ಅಂತಲೇ ಕರೆಯುತ್ತಾರೆ. ಕಂಪ್ಯೂಟರ್ ಎಲ್ಲರ ಮೇಜಿಗೆ ಬರುವುದಕ್ಕೂ ಮೊದಲು, ಒಂದು ಮೋಡದ ಚಿತ್ರ ನೋಡಿ ಸಾವಿರ ಕಿಲೋಮೀಟರ್ ಆಚೆಯ ಹೊಲದ ರೋಗ ಹೇಳುವ ಪ್ರಯತ್ನ ಇದು. ನನಗೆ ಇವತ್ತಿಗೂ ಇದು ನಮ್ಮ ಕೃಷಿ ವಿಜ್ಞಾನದ ಅತಿ ಚಂದದ ಕೆಲಸಗಳಲ್ಲಿ ಒಂದು ಅನಿಸುತ್ತದೆ. ಶಾಲೆಯ ಪಾಠದಲ್ಲಿ ಇದಕ್ಕೆ ಜಾಗ ಸಿಗಬೇಕಿತ್ತು.

ಆದರೆ ಈ ನಿಯಮಗಳಿಂದ ಸಿಗುವುದು ದೊಡ್ಡ ಮಾತು: ಈ ವರ್ಷ ಮಧ್ಯ ಭಾರತಕ್ಕೆ ಬೀಜಾಣು ಬಂದಿರಬಹುದು. ರೈತನಿಗೆ ಬೇಕಾದದ್ದು ಚಿಕ್ಕ ಮಾತು: ನನ್ನ ತಾಲೂಕು, ಈ ವಾರ. ಆ ಅಂತರವನ್ನು ತುಂಬಲು ಹೊರಟಿರುವುದು ಇಂದಿನ ಕಂಪ್ಯೂಟರ್ ಮಾದರಿಗಳು.

ಇವುಗಳಲ್ಲಿ ಒಂದು ಬ್ರಿಟನ್ನಿನ ಹವಾಮಾನ ಇಲಾಖೆಯ ‘ನೇಮ್’. ಅದು ಹುಟ್ಟಿದ್ದು ಬೆಳೆಗಾಗಿ ಅಲ್ಲವೇ ಅಲ್ಲ. 1986ರಲ್ಲಿ ಚೆರ್ನೋಬಿಲ್ ಅಣು ಸ್ಥಾವರ ಸಿಡಿದಾಗ, ವಿಕಿರಣದ ಧೂಳು ಎತ್ತ ಹೋಗುತ್ತಿದೆ ಅಂತ ತಿಳಿಯಲು ಯುರೋಪ್ ಪರದಾಡಿತು. ಅದಾದ ಮೇಲೆ ಕಟ್ಟಿದ ಮಾದರಿ ಇದು. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಉಗುಳಿ ವಿಮಾನಗಳು ನಿಂತಾಗ ಬೂದಿಯ ದಾರಿ ಹೇಳಿದ್ದೂ ಇದೇ. ಗಾಳಿಗೆ ವಿಕಿರಣವೂ ಒಂದೇ, ಬೂದಿಯೂ ಒಂದೇ, ಬೀಜಾಣುವೂ ಒಂದೇ.

ಕೆಲಸ ಮಾಡುವ ರೀತಿ ಅರ್ಥವಾಗದಂಥದ್ದೇನಲ್ಲ. ತುಕ್ಕು ಕಂಡ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಕಂಪ್ಯೂಟರ್ ಆ ಜಾಗದಿಂದ ಸಾವಿರಾರು ಕಲ್ಪಿತ ಕಣಗಳನ್ನು ಗಾಳಿಗೆ ಬಿಡುತ್ತದೆ. ಹವಾಮಾನ ಮುನ್ಸೂಚನೆಯಲ್ಲಿ ಮುಂದಿನ ದಿನಗಳ ಗಾಳಿ, ಮಳೆ, ಬಿಸಿಲು ಎಲ್ಲ ಇರುತ್ತದಲ್ಲ, ಅದರ ಪ್ರಕಾರ ಒಂದೊಂದು ಕಣವನ್ನೂ ಗಂಟೆಗಂಟೆಗೆ ಮುಂದೆ ಸರಿಸುತ್ತದೆ. ಬಿಸಿಲಿಗೆ ಸಿಕ್ಕವನ್ನು ಸಾಯಿಸುತ್ತದೆ. ಮಳೆಗೆ ಸಿಕ್ಕವನ್ನು ಕೆಳಗಿಳಿಸುತ್ತದೆ. ಕೊನೆಗೆ ಎಲ್ಲಿ ಎಷ್ಟು ಬಿದ್ದವು ಅಂತ ಎಣಿಸಿ ನಕ್ಷೆಗೆ ಬಣ್ಣ ತುಂಬುತ್ತದೆ. ಜಾಸ್ತಿ ಬಿದ್ದ ಕಡೆ ಗಾಢ ಬಣ್ಣ, ಕಡಿಮೆ ಬಿದ್ದ ಕಡೆ ತಿಳಿ ಬಣ್ಣ.

ಇದನ್ನು ನಿಜವಾಗಿ ರೈತರಿಗೆ ಮುಟ್ಟಿಸಿದ ದೇಶ ಇಥಿಯೋಪಿಯಾ. ಅಲ್ಲಿನ ಗೋಧಿ ನಮ್ಮದರ ಹಾಗೇ ಸಣ್ಣ ಹಿಡುವಳಿಯ ಬೆಳೆ. ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆ, ಮೆಕ್ಸಿಕೋ ಮೂಲದ ಗೋಧಿ, ಮೆಕ್ಕೆಜೋಳ ಸಂಶೋಧನಾ ಸಂಸ್ಥೆ ಸಿಮ್ಮಿಟ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯ, ಬ್ರಿಟನ್ನಿನ ಹವಾಮಾನ ಇಲಾಖೆ ಸೇರಿ ಒಂದು ವ್ಯವಸ್ಥೆ ಕಟ್ಟಿದವು. ಸಮೀಕ್ಷೆಯವರು ಹೊಲಹೊಲ ಸುತ್ತಿ ಮೊಬೈಲಿನಲ್ಲಿ ತುಕ್ಕಿನ ವಿವರ ತುಂಬುತ್ತಾರೆ. ಆ ಮಾಹಿತಿ ಮಾದರಿಗೆ ಹೋಗುತ್ತದೆ. ಮುಂದಿನ ಏಳು ದಿನಗಳ ಬೀಜಾಣು ನಕ್ಷೆ ಬರುತ್ತದೆ. ಅಲ್ಲಿನ ತಜ್ಞರು ಅದನ್ನು ಓದಿ ಎಚ್ಚರಿಕೆ ಬರೆಯುತ್ತಾರೆ. ಅದು ಎಸ್‌ಎಂಎಸ್ ಮತ್ತು ಫೋನ್ ಸಹಾಯವಾಣಿ ಮೂಲಕ ಹಳ್ಳಿಗೆ ಹೋಗುತ್ತದೆ.

ಬೀಜಾಣು ಬಂದು ಬಿದ್ದರೆ ಅರ್ಧ ಕೆಲಸ ಮಾತ್ರ ಆದ ಹಾಗೆ. ಮೊಳೆಯಲು ಅದಕ್ಕೆ ಒದ್ದೆ ಬೇಕು. ಕಪ್ಪು ತುಕ್ಕಿಗೆ ರಾತ್ರಿ ಆರೆಂಟು ಗಂಟೆ ಎಲೆ ಒದ್ದೆಯಾಗಿರಬೇಕು, ಹವೆ ಹಿತವಾಗಿ ಬೆಚ್ಚಗಿರಬೇಕು. ಆಮೇಲೆ ಬೆಳಗಿನ ಬೆಳಕು ಬಿದ್ದಾಗಲೇ ಅದು ಗಿಡದೊಳಗೆ ಇಳಿಯುವುದು. ಅದಕ್ಕೇ ನಮ್ಮ ಹಿರಿಯರು ಇಬ್ಬನಿ ಜೋರಾಗಿ ಬಿದ್ದು ಮೋಡ ಮುಚ್ಚಿದ ದಿನಗಳಿಗೆ ಅಂಜುತ್ತಿದ್ದದ್ದು. ಮಳೆ ಮಾಪಕ ಇದನ್ನು ತೋರಿಸುವುದಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿ ಮಟ್ಟಕ್ಕೂ ಮಳೆ ಮಾಪಕ ಇದೆ, ಅದು ದೊಡ್ಡ ಸಂಪತ್ತು. ಆದರೆ ತುಕ್ಕಿಗೆ ಒಂದು ಹನಿ ಮಳೆಯೂ ಬೇಡ, ಇಬ್ಬನಿಯೇ ಸಾಕು. ಎಲೆ ಎಷ್ಟು ಹೊತ್ತು ಒದ್ದೆಯಿತ್ತು ಅನ್ನುವುದನ್ನು ತೇವಾಂಶ, ತಾಪಮಾನ, ಗಾಳಿಗಳಿಂದ ಲೆಕ್ಕ ಹಾಕಬೇಕು, ಇಲ್ಲ ಅದಕ್ಕೇ ಮಾಡಿದ ಸಂವೇದಕ ಇಡಬೇಕು.

ಕೊನೆಯದು ತಳಿ. ಇಥಿಯೋಪಿಯಾದ ರೈತರು ಇದರ ಪಾಠವನ್ನು ಬಹಳ ದುಬಾರಿಯಾಗಿ ಕಲಿತರು. 2010ರಲ್ಲಿ ಹಳದಿ ತುಕ್ಕು ದೇಶವನ್ನು ಹೊಡೆದ ಮೇಲೆ ಎಲ್ಲರೂ ‘ದಿಗಾಲು’ ಅನ್ನುವ ತಳಿಗೆ ತಿರುಗಿದರು. ಅದು ಹಳದಿ ತುಕ್ಕನ್ನು ತಡೆಯುತ್ತಿತ್ತು. ಉಗಾಂಡದಲ್ಲಿ ಕಾಣಿಸಿಕೊಂಡು ಜಗತ್ತನ್ನೇ ಹೆದರಿಸಿದ್ದ ಯುಜಿ99 ಎಂಬ ಕಪ್ಪು ತುಕ್ಕಿನ ಬಗೆಯನ್ನೂ ತಡೆಯುತ್ತಿತ್ತು. 2013ರಲ್ಲಿ ಕಪ್ಪು ತುಕ್ಕಿನ ಇನ್ನೊಂದು ಬಗೆ ಬಂತು. ದಿಗಾಲು ಅದಕ್ಕೆ ಸುಮ್ನೆ ಬಾಗಿಲು ತೆರೆದುಕೊಟ್ಟಿತು. ಬಾಲೆ ಸೀಮೆಯಲ್ಲಿ ಹೊಲಕ್ಕೆ ಹೊಲವೇ ಜೊಳ್ಳಾಯಿತು. ಆದ್ದರಿಂದ ಬರುತ್ತಿರುವುದು ತುಕ್ಕು ಅಂದರೆ ಸಾಲದು, ಯಾವ ಬಗೆಯ ತುಕ್ಕು ಅಂತಲೂ ಗೊತ್ತಾಗಬೇಕು. ಈಗ ಒಂದು ಪೆಟ್ಟಿಗೆಯಲ್ಲಿ ಹಿಡಿಸುವ ಸಂಚಾರಿ ಪ್ರಯೋಗಾಲಯ ಬಂದಿದೆ, ಎರಡು ದಿನಗಳಲ್ಲಿ ವಂಶವಾಹಿ ಓದಿ ಬಗೆಯನ್ನು ಹೇಳುತ್ತದೆ. ಇಥಿಯೋಪಿಯಾದಲ್ಲಿ ಅದನ್ನು ಬಳಸುತ್ತಿದ್ದಾರೆ.

ತಳಿಯ ಮಾತು ಬಂದಾಗ ನಮ್ಮ ಜವೆ ಗೋಧಿಯನ್ನು ನೆನೆಯದೆ ಇರಲಾರೆ. ಸದಕ, ಖಪ್ಲಿ ಅಂತಲೂ ಕರೆಯುತ್ತೇವೆ, ಹುಗ್ಗಿ, ಮಾದಲಿಗೆ ಅದೇ ಬೇಕು. ತುಕ್ಕು ತಡೆಯುವುದರಲ್ಲಿ ಅದು ಹೆಸರುವಾಸಿ. ಅಮೆರಿಕದ ಮಿನ್ನೆಸೋಟದಲ್ಲಿ ತುಕ್ಕಿನ ಬಗೆಗಳನ್ನು ಗುರುತಿಸಲು ಸ್ಟಾಕ್‌ಮನ್ ಎಂಬ ವಿಜ್ಞಾನಿ 12 ಗೋಧಿಗಳ ಒಂದು ಪಟ್ಟಿ ಮಾಡಿದ್ದರು. ಜಗತ್ತಿನ ಎಷ್ಟೋ ಕಡೆ ದಶಕಗಟ್ಟಲೆ ಆ ಪಟ್ಟಿಯನ್ನೇ ಬಳಸಿದರು. ಅದರಲ್ಲಿ ಒಂದರ ಹೆಸರು ಖಪ್ಲಿ.

ಎಲ್ಲ ರೋಗಕ್ಕೂ ಇಷ್ಟೆಲ್ಲ ಬೇಕಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಾಸನದ ಆಲೂಗಡ್ಡೆಯವರಿಗೆ ಗೊತ್ತಿರುವ ಅಂಗಮಾರಿಯನ್ನೇ ತೆಗೆದುಕೊಳ್ಳಿ. ಅದರ ಬೀಜಾಣು ನಾಜೂಕು, ಬಿಸಿಲಿಗೆ ಬೇಗ ಸಾಯುತ್ತದೆ. ಆದರೆ ಬಿತ್ತನೆ ಗಡ್ಡೆಯಲ್ಲೇ ರೋಗ ಊರಿಗೆ ಬಂದಿರುತ್ತದೆ. ಹಾಗಾಗಿ ಗಾಳಿ ಎಲ್ಲಿಂದ ಬಂತು ಅನ್ನುವುದಕ್ಕಿಂತ ಹವೆ ಹದವಾಗಿದೆಯೇ ಅನ್ನುವುದೇ ಮುಖ್ಯ. ಬ್ರಿಟನ್ನಿನಲ್ಲಿ 1956ರಿಂದ ಒಂದು ಸರಳ ನಿಯಮ ನಡೆದುಬಂದಿತ್ತು: ಸತತ ಎರಡು ದಿನ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯದೆ, ದಿನಕ್ಕೆ ಕನಿಷ್ಠ 11 ಗಂಟೆ ಗಾಳಿಯ ತೇವಾಂಶ 90 ಶೇಕಡಾ ದಾಟಿದ್ದರೆ ಎಚ್ಚರ. 2017ರಲ್ಲಿ ಆ 11 ಗಂಟೆಯನ್ನು 6 ಗಂಟೆಗೆ ಇಳಿಸಿದರು. ನಮ್ಮ ಶಿಮ್ಲಾದ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರೂ ಇಂಥದ್ದೇ ಮುನ್ಸೂಚನೆ ಮಾದರಿಗಳನ್ನು ಮಾಡಿದ್ದಾರೆ.

ಮುನ್ಸೂಚನೆ ಕೈಗೆ ಬಂತು. ರೈತ ಏನು ಮಾಡಬೇಕು?

ತುಕ್ಕಿನ ಬೀಜಾಣು ಒಳಗಿಳಿದ ದಿನದಿಂದ ಗುಳ್ಳೆ ಕಣ್ಣಿಗೆ ಕಾಣುವ ತನಕ ಒಂದರಿಂದ ಎರಡು ವಾರ ಹಿಡಿಯುತ್ತದೆ. ಆ ದಿನಗಳಲ್ಲಿ ಗಿಡ ಹೊರಗಿಂದ ಚೆನ್ನಾಗೇ ಇರುತ್ತದೆ. ಹೊಲದ ತುಂಬ ಗುಳ್ಳೆ ಕಂಡ ಮೇಲೆ ಔಷಧಿ ಹೊಡೆದರೆ ಅಷ್ಟರಲ್ಲಿ ಮುಂದಿನ ತಲೆಮಾರು ಗಾಳಿಗೆ ಹೋಗಿರುತ್ತದೆ. ಮುನ್ಸೂಚನೆ ಕೊಡುವುದು ಈ ಕುರುಡು ದಿನಗಳನ್ನು. ಬೆಳೆ ಯಾವ ಹಂತದಲ್ಲಿದೆ ಅನ್ನುವುದೂ ಅಷ್ಟೇ ಮುಖ್ಯ. ಹೊಡೆ ಬಿಡುವುದಕ್ಕೂ ಮೊದಲು ಬಂದ ತುಕ್ಕು ಕಾಳನ್ನೇ ತಿನ್ನುತ್ತದೆ. ಕಾಳು ಗಟ್ಟಿಯಾದ ಮೇಲೆ ಬಂದರೆ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ, ಆಗ ಔಷಧಿಯ ದುಡ್ಡೇ ದಂಡ.

ನನ್ನ ಮಟ್ಟಿಗೆ ಒಳ್ಳೆಯ ಮುನ್ಸೂಚನೆಯ ದೊಡ್ಡ ಉಪಕಾರ ಇರುವುದು ಹೊಡೆಯಬೇಡಿ ಅನ್ನುವುದರಲ್ಲಿ. ಇದಕ್ಕೆ ಸೋಯಾಬೀನ್ ಕಥೆ ಕೇಳಬೇಕು. ನಮ್ಮ ಬೆಳಗಾವಿ, ಧಾರವಾಡದ ಸೋಯಾ ಬೆಳೆಗಾರರಿಗೆ ತುಕ್ಕು ಹಳೇ ಶತ್ರು. ಅದಕ್ಕೇ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಎಸ್‌ಬಿ 21ರಂಥ ತಡೆಯುವ ತಳಿ ಕೊಟ್ಟಿದ್ದು. ಅಮೆರಿಕಕ್ಕೆ ಈ ರೋಗ ಹೊಸದು. 2004ರ ನವೆಂಬರಿನಲ್ಲಿ ಲೂಸಿಯಾನದಲ್ಲಿ ಮೊದಲು ಕಂಡಿತು. ಅದೇ ಸೆಪ್ಟೆಂಬರಿನಲ್ಲಿ ಬಂದಿದ್ದ ಐವನ್ ಚಂಡಮಾರುತ ದಕ್ಷಿಣ ಅಮೆರಿಕದಿಂದ ಹೊತ್ತು ತಂದಿರಬೇಕು ಅಂತ ವಿಜ್ಞಾನಿಗಳ ಅಂದಾಜು. ದೇಶದ ಸೋಯಾ ರೈತರೆಲ್ಲ ಮರುವರ್ಷ ಔಷಧಿ ಡಬ್ಬ ಹಿಡಿದು ನಿಂತಿದ್ದರು.

ಅಲ್ಲಿನ ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು 2005ರಲ್ಲಿ ರಾಜ್ಯರಾಜ್ಯಗಳಲ್ಲಿ ಕಾವಲು ತಾಕುಗಳನ್ನು ಹಾಕಿದವು. ಕಾವಲು ತಾಕು ಅಂದರೆ ಎಲ್ಲರಿಗಿಂತ ಮೊದಲು ಬಿತ್ತಿದ ಸಣ್ಣ ತುಂಡು ಹೊಲ. ರೋಗ ಬಂದರೆ ಮೊದಲು ಅಲ್ಲೇ ಕಾಣಲಿ ಅಂತ. ಪ್ರತಿ ವಾರ ಯಾರಾದರೂ ಹೋಗಿ ಎಲೆ ಕಿತ್ತು ನೋಡುವುದು. ಫಲಿತಾಂಶ ಎಲ್ಲರಿಗೂ ಕಾಣುವ ನಕ್ಷೆಯಲ್ಲಿ: ರೋಗ ಸಿಕ್ಕ ಜಿಲ್ಲೆ ಕೆಂಪು, ಹುಡುಕಿಯೂ ಸಿಗದ ಜಿಲ್ಲೆ ಹಸಿರು. ಆ ವರ್ಷ ತುಕ್ಕು ದಕ್ಷಿಣದಲ್ಲೇ ಉಳಿಯಿತು. ಉತ್ತರದ ರೈತರು ಹಸಿರು ನೋಡಿ ಡಬ್ಬ ಕೆಳಗಿಟ್ಟರು. ಅಮೆರಿಕದ ಕೃಷಿ ಇಲಾಖೆಯ ಅರ್ಥಶಾಸ್ತ್ರಜ್ಞರು ಆ ಒಂದು ವರ್ಷದ ಮಾಹಿತಿಯ ಬೆಲೆ ಕಟ್ಟಿದರು. ಮಾಹಿತಿ ಎಷ್ಟು ನಿಖರ ಅನ್ನುವುದರ ಮೇಲೆ 1.1 ಕೋಟಿ ಡಾಲರಿನಿಂದ 29.9 ಕೋಟಿ ಡಾಲರ್ ವರೆಗೆ.

ಆ ಹಸಿರು ಬಣ್ಣದ ಮೇಲೆ ಸ್ವಲ್ಪ ನಿಲ್ಲೋಣ. ನಕ್ಷೆಯಲ್ಲಿ ಖಾಲಿ ಜಾಗ ಬೇರೆ, ಹಸಿರು ಜಾಗ ಬೇರೆ. ಖಾಲಿ ಅಂದರೆ ಯಾರೂ ನೋಡಿಲ್ಲ. ಹಸಿರು ಅಂದರೆ ಒಬ್ಬರು ಹೋಗಿ, ಬಗ್ಗಿ, ಎಲೆ ತಿರುವಿ ನೋಡಿದ್ದಾರೆ, ಇಲ್ಲ. ಮಾದರಿಗೆ ಈ ‘ಇಲ್ಲ’ ಅನ್ನುವ ವರದಿ ‘ಇದೆ’ ಅನ್ನುವಷ್ಟೇ ಬೇಕು. ಎಲ್ಲಿಂದ ಬೀಜಾಣು ಏಳುತ್ತಿದೆ ಅಂತ ತಪ್ಪು ಹೇಳಿದರೆ ಜಗತ್ತಿನ ಎಂಥಾ ಕಂಪ್ಯೂಟರೂ ತಪ್ಪು ನಕ್ಷೆಯನ್ನೇ ಬರೆಯುತ್ತದೆ. ಗಾಳಿ ಲೆಕ್ಕ ಈಗ ಚೆನ್ನಾಗಿ ಬರುತ್ತದೆ. ಕೊರತೆ ಇರುವುದು ಹೊಲದಲ್ಲಿ ನಿಂತು ನೋಡುವ ಕಣ್ಣುಗಳಿಗೆ.

ನಮ್ಮಲ್ಲೂ ಗೋಧಿ ವಿಜ್ಞಾನಿಗಳು ದೇಶದ ಉದ್ದಗಲಕ್ಕೆ ಇಂಥ ಕಾವಲು ತಾಕುಗಳನ್ನು ವರ್ಷವರ್ಷ ಹಾಕುತ್ತಾರೆ. ಬೇಗ ತುಕ್ಕು ಹಿಡಿಯುವ ತಳಿಗಳನ್ನೂ ತಡೆಯುವ ತಳಿಗಳನ್ನೂ ಸಾಲುಸಾಲಾಗಿ ಬಿತ್ತಿ, ಯಾವುದಕ್ಕೆ ಯಾವತ್ತು ಬಂತು ಅಂತ ಬರೆದಿಡುತ್ತಾರೆ. ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ ಗೋಧಿ ಸಂಶೋಧನಾ ಕೇಂದ್ರ ಇರುವುದೂ ಅಲ್ಲಿ ತುಕ್ಕು ವರ್ಷವಿಡೀ ಸಿಗುತ್ತದೆ ಅಂತಲೇ. ಆದರೆ ಎರಡು ಕಾವಲು ತಾಕುಗಳ ನಡುವೆ ನೂರಾರು ಊರುಗಳಿವೆ.

ನೀವು ಗೋಧಿ ಬೆಳೆಯುವವರಾದರೆ ಡಿಸೆಂಬರ್ ನಡುವಿನಿಂದ ವಾರಕ್ಕೊಮ್ಮೆ, ಇಬ್ಬನಿ ಆರಿದ ಮೇಲೆ ಹತ್ತು ಗಂಟೆಯ ಹೊತ್ತಿಗೆ ಹೊಲಕ್ಕಿಳಿಯಿರಿ. ಬದುವಿನ ಅಂಚು ಬಿಟ್ಟು ಒಳಗೆ ಹೋಗಿ. ಗಿಡ ದಟ್ಟವಾಗಿ ನೆರಳು ತಂಪು ನಿಲ್ಲುವ ಕಡೆ, ನೀರು ಹಾಯಿಸುವ ಕಾಲುವೆಯ ಪಕ್ಕ ಮೊದಲು ನೋಡಿ. ಕೆಳಗಿನ ಎಲೆಯನ್ನೂ ಕಾಂಡವನ್ನೂ ಬಿಳಿ ಬಟ್ಟೆಯಿಂದ ಒರೆಸಿ. ಬಣ್ಣ ಅಂಟಿದರೆ ಫೋಟೋ ತೆಗೆಯಿರಿ, ಊರು, ತಾರೀಕು, ತಳಿ, ಬೆಳೆಯ ವಯಸ್ಸು ಬರೆದು ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ಅದೇ ದಿನ ಕಳಿಸಿ. ಬಟ್ಟೆ ಬಿಳಿಯಾಗೇ ಉಳಿದರೂ ಊರು, ತಾರೀಕು, ತಳಿ ಬರೆದು, ‘ನೋಡಿದೆ, ಕಂಡಿಲ್ಲ’ ಅಂತ ಕಳಿಸಿ.